ಒಂಟಿ ಮಂಚದ ವ್ಯಾನು

ಗಂಡ ಹಳೇ ವ್ಯಾನಿನೊಳಗೆ ಮನೆ ಮಾಡಿಸುತ್ತಿದ್ದಾನೆ ಎಂಬುದು ಪಂಕಜಾಕ್ಷಿಗೆ ಮೊದಲೇ ಗೊತ್ತಿತ್ತು. ಆ ಮನೆಯಲ್ಲಿ ಒಬ್ಬರು ಮಲಗುವಷ್ಟೇ ಜಾಗ ಎಂದು ಗೊತ್ತಾದದ್ದು ಮಾತ್ರ ಅವಳೇ ಬಾಳ್ಳುಪೇಟೆಗೆ ಹೋಗಿ ಕಣ್ಣಾರೆ ಕಂಡಾಗ.

ಬಳೆ ತೊಡಿಸಿಕೊಳ್ಳುವ ನೆಪದಲ್ಲಿ ಬಸ್ಸಿಳಿದವಳು ನೇರವಾಗಿ, ಲಾರಿಗಳಿಗೆ ಬಾಡಿ ಕಟ್ಟುವ ಅಬ್ದುಲ್ ರಶೀದನ ಷೆಡ್ಡಿಗೆ ನಡೆದಳು. ಮಂಗಳೂರು ರಸ್ತೆಯಲ್ಲಿ ಲಾರಿಗಳು ನಿಂತು ಹೋಗುವ ಕಡೆ, ತಗಡು ಹೊದಿಸಿದ ಷೆಡ್ಡು ಅದು. ವ್ಯಾನು ಹಿಂದಿನ ಬಾಗಿಲು ತೆರೆದುಕೊಂಡು ನಿಂತಿತ್ತು. ಅವಳ ಗಂಡ, ರೈಟರ್ ರುದ್ರಯ್ಯ, ಹಲಗೆ ಕೊಯ್ಯಿಸಲು ಮಿಲ್ಲಿಗೆ ಹೋಗಿದ್ದ. ರಶೀದ್ ಒಬ್ಬನೇ ನೆಲದಲ್ಲಿ ಕೂತು ಕಬ್ಬಿಣದ ಪಟ್ಟಿಯೊಂದಕ್ಕೆ ಅರ ಹಾಕುತ್ತಿದ್ದ.

ಪಂಕಜಾಕ್ಷಿ ಸೆರಗು ಸಿಕ್ಕಿಸಿಕೊಂಡು ಒಳಗೆ ಹತ್ತಿದಳು. ಒಂದು ಪಕ್ಕಕ್ಕೆ ಪೆಟ್ಟಿಗೆಯಂಥ ಮಂಚ. ಮೇಲಿನ ಹಲಗೆ ಎತ್ತಿದರೆ ಒಳಗೆ ಸಾಮಾನು ತುಂಬುವ ಜಾಗ. ಇನ್ನೊಂದು ಪಕ್ಕಕ್ಕೆ ತಗಡು ಬಡಿದ ಗೂಡು, ಸೀಮೆಎಣ್ಣೆ ಸ್ಟೋವು ಕೂರಿಸಲು. ಹಳೇ ಬಸ್ಸಿನಿಂದ ಬಿಚ್ಚಿ ತಂದ ಗಾಜಿನ ಕಿಟಕಿ. ಚಾವಣಿಯ ಮೇಲೆ ನೀರಿನ ಡ್ರಮ್ಮು, ಅದರಿಂದ ಒಳಗಿಳಿದ ಪೈಪು, ಪೈಪಿಗೆ ನಲ್ಲಿ. ಎಲ್ಲ ಅಚ್ಚುಕಟ್ಟಾಗಿತ್ತು. ಅವಳು ಮಂಚದ ಅಗಲಕ್ಕೆ ಗೇಣು ಹಾಕಿ ನೋಡಿದಳು. ಮಗ್ಗುಲು ಬದಲಿಸಿದರೆ ಒಬ್ಬ ಮನುಷ್ಯನೇ ಕೆಳಗೆ ಬೀಳಬೇಕು.

"ಇನ್ನೊಂದು ಮಂಚ ಎಲ್ಲಿ ಬತ್ತದೆ ರಶೀದಣ್ಣ?"

"ಅದು ರೈಟ್ರನ್ನೇ ಕೇಳ್ಬೇಕು ಅಮ್ಮಾರೇ. ಅವ್ರು ಹೇಳ್ದಂಗೆ ನಾನು ಮಾಡ್ತಿವ್ನಿ."

"ಮೇಲೆ ಆ ಎರಡು ಕೊಂಡಿ ಯಾಕೆ?"

ರಶೀದ್ ತಲೆ ಎತ್ತಲಿಲ್ಲ. "ಏನಾರ ನೇತಾಕಕ್ಕೆ ಇರ್ಬೋದು."

ಏನು ನೇತು ಹಾಕುತ್ತಾರೆ ಎಂದು ಅವಳು ಮತ್ತೆ ಕೇಳಲಿಲ್ಲ. ಕೊಂಡಿಗಳು ಹೆಬ್ಬೆರಳ ಗಾತ್ರ ಇದ್ದವು. ಲಾಟೀನಿಗೆ ಅಷ್ಟು ಗಟ್ಟಿ ಕೊಂಡಿ ಬೇಡ. ಒಂದು ಲಾಟೀನಿಗೆ ಎರಡು ಕೊಂಡಿಯೂ ಬೇಡ. ಬಳೆ ತೊಡಿಸಿಕೊಳ್ಳದೆಯೇ ಅವಳು ಬಸ್ಸು ಹತ್ತಿದಳು.

ರುದ್ರಯ್ಯ ಯಸಳೂರಿನಾಚೆ ಬಿಳಿಗಲ್ಲು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ, ಅವರ ಸಾಲುಮನೆಗಳ ಲೈನಿನ ರೇಷನ್, ಸ್ಟೋರಿನ ಬೀಗದ ಕೈ ಎಲ್ಲ ಅವನ ಸುಪರ್ದಿಗೇ ಇತ್ತು. ಇಂಗ್ಲಿಷ್ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ, ಷೆಡ್ಡಿನ ಮೂಲೆಯಲ್ಲಿ ಚಕ್ರ ಕುಸಿದು ನಿಂತಿದ್ದ ಫೋರ್ಡ್‌ಸನ್ ವ್ಯಾನನ್ನು ತೋರಿಸಿ, "ಇದು ನಿನಗೆ ರುದ್ರಯ್ಯ" ಎಂದು ಹೇಳಿ ಹೋಗಿದ್ದ. ಯುದ್ಧಕ್ಕೆ ಮುಂಚಿನ ಗಾಡಿ. ಹಿಂದೆ ಅದರಲ್ಲೇ ದೊರೆ ಅವನಿಗೆ ಡ್ರೈವಿಂಗ್ ಕಲಿಸಿದ್ದ.

ತೋಟ ಕೊಂಡ ದೇವೀರಪ್ಪನಿಗೆ ಈ ಕೊಡುಗೆ ಹಿಡಿಸಲಿಲ್ಲ. "ತೋಟದ ಗಾಡಿ ತೋಟದಲ್ಲೇ ಇರ್ಬೇಕಿತ್ತು" ಎಂದು ಕಂಡಕಂಡವರ ಮುಂದೆ ಹೇಳಿದ. ರುದ್ರಯ್ಯನಿಗೆ ವಯಸ್ಸಾಯಿತೆಂದು ಕೆಲಸ ಬಿಡಿಸಿ, ದೀಪಾವಳಿ ಕಳೆದ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಲು ಹೇಳಿದ. ಅಷ್ಟರಲ್ಲಿ ರುದ್ರಯ್ಯ ವ್ಯಾನನ್ನು ಬಾಳ್ಳುಪೇಟೆಗೆ ಎಳೆಸಿಕೊಂಡು ಹೋಗಿ ಒಳಗೆ ಪೆಟ್ಟಿಗೆ ಮಂಚ ಮಾಡಿಸುತ್ತಿದ್ದಾನೆ ಎಂಬ ಸುದ್ದಿ ಬಂತು. ಆ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಪೂಲಿಗೇ ಕೊಡಬೇಕಿತ್ತು. ಪರ್ಮಿಟ್ ಇಲ್ಲದೆ ಮೂಟೆ ಸಾಗಿಸಿದರೆ ಕೇಸು. ಸ್ಟೋರಿನ ಬೀಗದ ಕೈ ಹಿಡಿದು ತಲೆ ಹಣ್ಣಾದವನು, ಕುಯ್ಲಿನ ಹೊತ್ತಿಗೆ ಸರಿಯಾಗಿ, ಹಲಗೆ ಎತ್ತಿ ಮುಚ್ಚುವ ಪೆಟ್ಟಿಗೆಗಳ ಗಾಡಿ ಯಾಕೆ ಮಾಡಿಸುತ್ತಾನೆ? ದೇವೀರಪ್ಪ ತನ್ನ ಮಟ್ಟಿಗೆ ಉತ್ತರ ಹುಡುಕಿಕೊಂಡ. ಬಾಳ್ಳುಪೇಟೆಯ ಹೋಟೆಲಿನಲ್ಲಿ ಕೂತವರಿಗೂ ಆ ಉತ್ತರ ರುಚಿಸಿತು.

ರುದ್ರಯ್ಯ ಹೇಳುತ್ತಿದ್ದುದು ಬೇರೆ. "ಉಳವಿಗೆ ಹೋಗ್ತೀನಿ. ಅಲ್ಲಿಂದ ಶ್ರೀಶೈಲ. ಛತ್ರ ಗಿತ್ರ ಅಂತ ಯಾರ ಜಗಲೀಲೂ ಬಿದ್ಕಳ್ಳೋದು ಬೇಡ ಅಂತ ಗಾಡೀಲೇ ಮನೆ ಮಾಡ್ಕಂಡಿವ್ನಿ."

"ನಾನು?" ಎಂದು ಪಂಕಜಾಕ್ಷಿ ಕೇಳಿದ್ದಳು.

"ನಿಂಗೆ ಬಿಸಲೆ ಘಾಟಿ ಇಳಿಯೋವಷ್ಟ್ರಲ್ಲಿ ಹೊಟ್ಟೇಲಿರೋದೆಲ್ಲ ಈಚೆ ಬತ್ತದೆ. ತೋಟಪ್ಪನ ಮನೇಲಿರು. ಬಂದು ಕರ್ಕಂಡ್ ಹೋಗ್ತೀನಿ."

ತೋಟಪ್ಪ ಅವಳ ತಮ್ಮ. ಕೆ. ಹೊಸಕೋಟೆಯಲ್ಲಿ ಅವನದು ಒಂದಿಷ್ಟು ಕಾಫಿ, ಒಂದಿಷ್ಟು ರಾಗಿ ಹೊಲ. ಕ್ವಾರ್ಟರ್ಸ್ ಬಿಟ್ಟ ಮೇಲೆ ಗಂಡ ಹೆಂಡತಿ ಇಬ್ಬರೂ ಅಲ್ಲೇ ಇದ್ದರು. ಮಾತು ಒಪ್ಪುವಂಥದ್ದೇ, ಬಸ್ಸು ಹತ್ತಿದರೆ ಅವಳಿಗೆ ವಾಂತಿ ಬರುತ್ತಿದ್ದುದು ನಿಜ. ಆದರೆ ಹೇಳುವಾಗ ಅವನು ಅವಳ ಮುಖ ನೋಡಿರಲಿಲ್ಲ.

ಅವರಿಗೆ ಒಬ್ಬಳು ಮಗಳಿದ್ದಳು, ದ್ರಾಕ್ಷಾಯಣಿ. ಮೂರು ವರ್ಷದ ಹಿಂದೆ ಎಸ್ಟೇಟಿಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿ ಮಾಡಲು ಬಂದ ಗುಂಡಯ್ಯ ಎಂಬ ಫಿಟ್ಟರನ ಜೊತೆ ಹೊರಟುಹೋಗಿ ಮದುವೆಯಾದಳು. ಅವನು ಕಮ್ಮಾರರ ಹುಡುಗ. ಅಂದು ಪಂಕಜಾಕ್ಷಿ ಗಂಡನ ಕೈಯನ್ನು ಅವನ ಎದೆಯ ಲಿಂಗದ ಮೇಲಿಡಿಸಿ ಆಣೆ ಮಾಡಿಸಿದ್ದಳು: ಅವಳ ಹೊಸಿಲು ತುಳಿಯಲ್ಲ, ಅವಳ ಮನೆಯ ನೀರು ಮುಟ್ಟಲ್ಲ. ರುದ್ರಯ್ಯ ಎದುರಾಡದೆ ಆಣೆ ಮಾಡಿದ. ಆಮೇಲೆ ಮನೆಯಲ್ಲಿ ಆ ಹೆಸರು ಯಾರೂ ಎತ್ತಲಿಲ್ಲ. ಯಾರಾದರೂ ಬಂದವರು ಎತ್ತಿದರೆ ಪಂಕಜಾಕ್ಷಿ, "ನಂಗೆ ಮಗಳು ಹುಟ್ಟಿರ್ಲೇ ಇಲ್ಲ ಅಂದ್ಕಳಿ" ಎನ್ನುತ್ತಿದ್ದಳು.

ಬಾಳ್ಳುಪೇಟೆಯಿಂದ ಬಂದ ದಿನದಿಂದ ಅವಳ ಕಣ್ಣು ಕಿವಿ ಗಂಡನ ಮೇಲೆಯೇ ಇದ್ದವು. ಒಂದು ಸಲ ಸಂಶಯ ಹೊಕ್ಕಿತೆಂದರೆ ಕಂಡದ್ದೆಲ್ಲ ಅದಕ್ಕೇ ಹೊಂದಿಕೊಳ್ಳುತ್ತದೆ.

ಮೊದಲು ಸಿಕ್ಕಿದ್ದು ವಾಸನೆ. ಸಂಜೆ ಬಸ್ಸಿಳಿದು ಬಂದ ರುದ್ರಯ್ಯ ಹೆಗಲ ಟವೆಲನ್ನು ಗೂಟಕ್ಕೆ ಹಾಕಿದ. ಸೀಮೆಎಣ್ಣೆ, ಗ್ರೀಸು, ಹಲಸಿನ ಮರದ ಹೊಟ್ಟಿನ ವಾಸನೆಗಳ ಕೆಳಗೆ ಇನ್ನೊಂದು ವಾಸನೆ ಇತ್ತು. ಪಂಕಜಾಕ್ಷಿ ಟವೆಲನ್ನು ಮೂಗಿಗೆ ಹಿಡಿದಳು. ಬಜೆ. ಅದರ ಜೊತೆಗೆ ಓಮ. ಮಗು ಹಡೆದ ಯಾವ ಹೆಂಗಸಿಗೂ ಮರೆಯುವ ವಾಸನೆಯಲ್ಲ ಅದು.

"ಎಲ್ಲಿ ಕೂತಿದ್ರಿ ಇವತ್ತು?" ಎಂದಳು.

"ಷೆಡ್ಡಲ್ಲೇ. ಇನ್ನೆಲ್ಲಿ?"

ಷೆಡ್ಡಿನಲ್ಲಿ ಬಜೆ ಯಾರೂ ತೇಯುವುದಿಲ್ಲ.

ಮಾರನೆಯ ವಾರ ಆಲೂರಿನ ಸಂತೆಯಿಂದ ಅವನೊಂದು ತಾಮ್ರದ ಹಂಡೆ ಕೊಂಡು ತಂದ. ಇಬ್ಬರು ಹೊರಬೇಕಾದಂಥ ಹಂಡೆ. ಒಬ್ಬ ಗಂಡಸು ಯಾತ್ರೆಯ ದಾರಿಯಲ್ಲಿ ಎಷ್ಟು ನೀರು ಕಾಯಿಸಿ ಮೀಯುತ್ತಾನೆ? ಅವನು ಹುಟ್ಟಿದಾಗಿನಿಂದ ತಣ್ಣೀರಲ್ಲೇ ಮಿಂದವನು. ಆಮೇಲೆ ಅವಳ ಹಸಿರು ಹತ್ತಿ ಸೀರೆ ಕಾಣೆಯಾಯಿತು. ಉಟ್ಟು ಉಟ್ಟು ಬೆಣ್ಣೆಯಂತೆ ಮೆತ್ತಗಾಗಿದ್ದ ಸೀರೆ. ಮನೆಯೆಲ್ಲ ಹುಡುಕಿದಳು. ಗಂಡನನ್ನು ಕೇಳಿದರೆ, "ನಂಗೇನ್ ಗೊತ್ತು, ಕ್ವಾರ್ಟರ್ಸಲ್ಲೇ ಬಿಟ್ಟೆಯೇನೋ" ಎಂದ.

ತೋಟಪ್ಪನ ಹೆಂಡತಿ ಸುಮಿತ್ರಮ್ಮ ಇದನ್ನೆಲ್ಲ ಗಮನಿಸುತ್ತಿದ್ದಳು. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ, "ಅತ್ತಿಗೆ, ತಪ್ಪು ತಿಳ್ಕಬ್ಯಾಡಿ" ಎಂದು ಶುರುಮಾಡಿದಳು. "ನಿಮ್ ಎಸ್ಟೇಟಲ್ಲಿ ಚೌಡಮ್ಮ ಅಂತ ಒಬ್ಳು ಇದ್ಲಲ್ಲ, ಗಂಡ ಸತ್ತೋಳು. ಅವ್ಳು ಈಗೆಲ್ಲವ್ಳೆ?"

ಚೌಡಮ್ಮ ಲೈನಿನಲ್ಲಿದ್ದ ಹೆಂಗಸು, ಗಟ್ಟಿಮುಟ್ಟು ಆಳು. ಹೋದ ಬೇಸಿಗೆಯಲ್ಲಿ ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗಿದ್ದಳು. ಅದಕ್ಕೆ ಮುಂಚಿನ ಚಳಿಗಾಲದಲ್ಲಿ ರುದ್ರಯ್ಯ ಸ್ಟೋರಿನಿಂದ ಅವಳಿಗೊಂದು ಕಂಬಳಿ ಹೆಚ್ಚಾಗಿ ಕೊಡಿಸಿದ್ದು ಪಂಕಜಾಕ್ಷಿಗೆ ಈಗ ನೆನಪಾಯಿತು. ಆಗ ಅದು ಬರೀ ಕಂಬಳಿಯಾಗಿತ್ತು.

"ಬೇಲೂರು ಕಡೆ ಹೋದ್ಲು ಅಂದ್ರಪ್ಪ" ಎಂದಳು.

"ಹೂಂ. ಬೇಲೂರಿಗೆ ವ್ಯಾನು ಹೋಗ್ತದೆ" ಎಂದು ಸುಮಿತ್ರಮ್ಮ ಪಾತ್ರೆ ಬೋರಲು ಹಾಕಿ ಎದ್ದಳು.

ಪಂಕಜಾಕ್ಷಿ ಅತ್ತು ರಂಪ ಮಾಡುವ ಹೆಂಗಸಲ್ಲ. ತೋಟಪ್ಪನನ್ನು ಕರೆದು ಪಂಚಾಯ್ತಿ ಮಾಡಿಸಬಹುದಿತ್ತು, ಮಾಡಿಸಲಿಲ್ಲ. ತಾನೇ ಹಿಡಿಯಬೇಕು ಎಂದುಕೊಂಡಳು. ಗಂಡ ಊಟಕ್ಕೆ ಕೂತರೆ ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅವನೂ ಅವಳನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಇವಳಿಗೆಷ್ಟು ಗೊತ್ತಾಗಿದೆ ಎಂದು ಅಳೆಯುವವನಂತೆ. ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತು ಇಬ್ಬರೂ ಒಬ್ಬರನ್ನೊಬ್ಬರು ಕಾವಲು ಕಾದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವನು, "ನಾಳೆ ಹೊರಡ್ತೀನಿ" ಎಂದ. ವಿಭೂತಿ ಹಚ್ಚಿಕೊಂಡು, ಕೈಚೀಲ ಹಿಡಿದು, ಬೆಳಗಿನ ಮೊದಲ ಬಸ್ಸಿಗೆ ಹೋದ. ಪಂಕಜಾಕ್ಷಿ ಅವನ ಹಿಂದಿನ ಬಸ್ಸಿಗೆ ಹತ್ತಿದಳು. ಆಲೂರಿನಲ್ಲಿ ಬಸ್ಸು ಬದಲಿಸುವಾಗ ವಾಂತಿ ಬಂತು. ಬಾಯಿ ಮುಕ್ಕಳಿಸಿ ಮುಂದಿನ ಬಸ್ಸಿನಲ್ಲಿ ಕೂತಳು.

ಬಾಳ್ಳುಪೇಟೆಯಲ್ಲಿ ಅವಳು ಇಳಿದಾಗ ರಶೀದನ ಷೆಡ್ಡಿನ ಮುಂದೆ ಜನ ಸೇರಿದ್ದರು. ಹೊಸದಾಗಿ ನೀಲಿ ಬಣ್ಣ ಬಳಿದ ವ್ಯಾನು ರಸ್ತೆಯ ಅಂಚಿಗೆ ನಿಂತಿತ್ತು. ಒಬ್ಬ ಕಾಫಿ ತಪಾಸಣೆ ಅಧಿಕಾರಿ, ಇಬ್ಬರು ಪೊಲೀಸರು, ಅವರಿಂದ ಸ್ವಲ್ಪ ದೂರದಲ್ಲಿ ತನ್ನ ಜೀಪಿಗೆ ಒರಗಿ ದೇವೀರಪ್ಪ. ರುದ್ರಯ್ಯ ಬಾಗಿಲಿಗೆ ಅಡ್ಡ ನಿಂತಿದ್ದ.

"ನೋಡೋದಾದ್ರೆ ನೋಡಿ ಸ್ವಾಮಿ. ಮಂಚದ ಪೆಟ್ಟಿಗೆ ಮಾತ್ರ ತೆಗೀಬೇಡಿ. ಅದ್ರಲ್ಲಿ ನಮ್ ಮನೆ ಸಾಮಾನು ಐತೆ."

ಹೇಳಬಾರದ ಮಾತು ಅದೇ. ಜನರಲ್ಲಿ ಗುಜುಗುಜು ಎದ್ದಿತು. ದೇವೀರಪ್ಪ ಜೀಪಿನಿಂದ ಬೆನ್ನೆತ್ತಿ ನೆಟ್ಟಗೆ ನಿಂತ.

"ಅಂಗಾದ್ರೆ ಅದೇ ಮೊದ್ಲು ತೆಗೀರಿ" ಎಂದ ಅಧಿಕಾರಿ.

ಹಲಗೆಗೆ ಬೀಗ ಹಾಕಿತ್ತು. ರುದ್ರಯ್ಯ ಬೀಗದ ಕೈ ಕೊಡಲಿಲ್ಲ. ಒಬ್ಬ ಪೊಲೀಸಿನವನು ಷೆಡ್ಡಿನಿಂದ ಹಾರೆ ತಂದು ಸಂದಿಗೆ ತೂರಿಸಿ ಮೀಟಿದ. ಹಲಸಿನ ಹಲಗೆ ಸೀಳಿದ ಸದ್ದಿಗೆ ರಶೀದ್ ಕಣ್ಣು ಮುಚ್ಚಿಕೊಂಡ. ಅವನು ಒಂದೊಂದು ಕೀಲನ್ನೂ ತಾನೇ ಕೂರಿಸಿದ್ದ.

ಪೊಲೀಸಿನವನು ಪೆಟ್ಟಿಗೆಯಿಂದ ಒಂದೊಂದೇ ತೆಗೆದು ರಸ್ತೆಯ ಮೇಲೆ ಹಾಸಿದ ಗೋಣಿಗೆ ಹಾಕಿದ. ಬಜೆ ಬೇರಿನ ಕಟ್ಟು. ಓಮ, ಒಣಶುಂಠಿ, ಬೆಲ್ಲದ ಅಚ್ಚುಗಳು. ಹರಳೆಣ್ಣೆಯ ಸೀಸೆ. ತೊಟ್ಟಿಲು ಕಟ್ಟುವ ಹಗ್ಗ. ಕೈಮುಷ್ಟಿಯಷ್ಟು ಚಿಕ್ಕ ಉಣ್ಣೆ ಕುಲಾವಿ. ಆಮೇಲೆ ಮಡಿಸಿಟ್ಟ ಬಟ್ಟೆಗಳು. ಹಸಿರು ಹತ್ತಿ ಸೀರೆಯೊಂದನ್ನು ಚೌಕ ಚೌಕವಾಗಿ ಕತ್ತರಿಸಿ ಅಂಚು ಹೊಲಿದ ಬಟ್ಟೆಗಳು. ಕಾಫಿಯ ಒಂದು ಬೀಜವೂ ಇರಲಿಲ್ಲ.

ಅಧಿಕಾರಿ ಮುಖ ತಿರುಗಿಸಿ ದೇವೀರಪ್ಪನ ಕಡೆ ನೋಡಿದ. ದೇವೀರಪ್ಪ ಸೋಲಲು ತಯಾರಿರಲಿಲ್ಲ. "ಕಾಫಿ ಅಲ್ಲದಿದ್ರೆ ಇನ್ನೊಂದು ಬೆಳೆ ತೆಗ್ದವ್ರೆ ನಮ್ ರೈಟ್ರು, ಈ ವಯಸ್ಸಲ್ಲಿ" ಎಂದ. ಜನ ಗೊಳ್ಳೆಂದು ನಕ್ಕರು.

ಆ ನಗುವಿನ ನಡುವೆ ಪಂಕಜಾಕ್ಷಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ನಗು ಒಂದೊಂದಾಗಿ ನಿಂತಿತು. ರುದ್ರಯ್ಯ ಅವಳನ್ನು ನೋಡಿದವನು ವ್ಯಾನಿನ ಬಾಗಿಲನ್ನು ಹಿಡಿದುಕೊಂಡ. ಅವಳು ಗೋಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಸಿರು ಬಟ್ಟೆಯೊಂದನ್ನು ಎತ್ತಿಕೊಂಡಳು. ಅಂಚಿನ ಕೆಂಪು ಗೆರೆ, ಒಲೆಯ ಕಿಡಿ ತಾಗಿದ ಸಣ್ಣ ತೂತು, ಎಲ್ಲ ಅವಳದೇ.

"ನನ್ ಸೀರೆ ಹರ್ದು ಯಾರ್ ಮಗೀಗ್ ಹೊಲ್ಸಿದ್ರಿ?"

ರುದ್ರಯ್ಯ ಸುತ್ತ ನಿಂತವರನ್ನು ನೋಡಿದ. "ಇಲ್ಲಿ ಬ್ಯಾಡ ಪಂಕಜಾ" ಎಂದ.

"ಬೀದೀಲಿ ಹರಡಿರೋದು ಬೀದೀಲೇ ಹೇಳಿ. ಚೌಡಮ್ಮಂಗಾ?"

"ಯಾವ ಚೌಡಮ್ಮ?" ಎಂದ ಅವನು. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು ಅವಳಿಗೂ ತಿಳಿಯಿತು. ಸಂಶಯ ಹೋಗಲಿಲ್ಲ, ನಿಲ್ಲಲು ಜಾಗ ಸಿಗದೆ ಒದ್ದಾಡಿತು.

ರಶೀದನ ತಾಯಿ ಮೆಹಬೂಬ್ ಬೀ ಷೆಡ್ಡಿನ ಹಿಂದಿನ ಮನೆಯಿಂದ ಬಂದು ಪಂಕಜಾಕ್ಷಿಯ ತೋಳು ಹಿಡಿದಳು. "ಎದ್ದೇಳು ತಾಯಿ. ಒಳಗೆ ಬಾ. ಇವ್ರಿಗೆಲ್ಲ ಕೆಲ್ಸ ಇಲ್ಲ." ಬಿಳಿ ದುಪಟ್ಟಾ ತಲೆ ತುಂಬ ಹೊದ್ದ ಮುದುಕಿ. ಅವಳ ಕೈಯಿಂದಲೂ ಬಜೆಯ ವಾಸನೆ ಬರುತ್ತಿತ್ತು.

ಹಿತ್ತಲಿನ ಕಲ್ಲಿನ ಮೇಲೆ ಪಂಕಜಾಕ್ಷಿ ಕೂತಳು. ರುದ್ರಯ್ಯ ಎದುರಿಗೆ ನಿಂತ. ಮೆಹಬೂಬ್ ಬೀ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

"ಮಗು ಇನ್ನೂ ಹುಟ್ಟಿಲ್ಲ" ಎಂದ ರುದ್ರಯ್ಯ. "ದ್ರಾಕ್ಷಾಯಣೀದು. ಈ ತಿಂಗಳು ತುಂಬ್ತದೆ."

ಪಂಕಜಾಕ್ಷಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಲಿಗೆ ಇಳಿಸಿದಳು.

ಸಾಗರದ ಆಚೆ ಶರಾವತಿಗೆ ಅಣೆಕಟ್ಟು ಕಟ್ಟುವ ಕಡೆ ಗುಂಡಯ್ಯನಿಗೆ ಕೆಲಸ ಸಿಕ್ಕಿತ್ತು. ಕೂಲಿಗಳ ಕ್ಯಾಂಪಿನಲ್ಲಿ ತಗಡಿನ ಮನೆ. ಹೋದ ವರ್ಷ ರಶೀದ್ ಮರದ ಲೋಡು ತೆಗೆದುಕೊಂಡು ಅಲ್ಲಿಗೆ ಹೋಗಿದ್ದಾಗ ಎಸ್ಟೇಟಿಗೆ ಬಂದುಹೋಗುತ್ತಿದ್ದ ಅವನನ್ನು ನಲ್ಲಿಯ ಹತ್ತಿರ ದ್ರಾಕ್ಷಾಯಣಿಯೇ ಗುರುತು ಹಿಡಿದು ಮಾತಾಡಿಸಿದ್ದಳು. ರುದ್ರಯ್ಯ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದ.

"ಇನ್ನೂ ಏನೋ ಐತೆ" ಎಂದಳು ಪಂಕಜಾಕ್ಷಿ. "ಹೇಳಿ."

"ಇದು ಎರಡ್ನೇದು. ಮೊದ್ಲನೇದು ಹೆಣ್ಣು. ಹೆಸ್ರಿಡೋಕ್ ಮುಂಚೆ ಹೋಗ್ಬುಡ್ತಂತೆ. ಎದೇಲಿ ಶೀತ ಕಟ್ಟಿತ್ತಂತೆ. ಇವ್ಳಿಗೆ ಗೊತ್ತಾಗ್ಲಿಲ್ಲ, ಹೇಳ್ಕೊಡೋರು ಯಾರೂ ಇರ್ಲಿಲ್ಲ. ಅವ್ನು ಕೆಲ್ಸಕ್ಕೆ ಹೋಗಿದ್ನಂತೆ."

ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಪಂಕಜಾಕ್ಷಿ ಮಡಿಲಿನ ಬಟ್ಟೆಯನ್ನು ಎರಡಾಗಿ ಮಡಿಸಿದಳು.

"ಹೋದ್ ವರ್ಷ ನಡ್ದದ್ದು. ನಂಗ್ಯಾಕೆ ಹೇಳ್ಲಿಲ್ಲ?"

"ಹೆದ್ರಿಕೆ ಆಯ್ತು."

"ನಾನೇನ್ ಹುಲೀನಾ?"

"ಅದಲ್ಲ." ರುದ್ರಯ್ಯ ನೆಲ ನೋಡಿದ. "ಹೇಳಿದ್ರೆ ನೀನು, ಹೋಗಿದ್ದೇ ಒಳ್ಳೇದಾಯ್ತು ಅಂದ್ಬುಟ್ರೆ? ಆ ಮಾತು ಕೇಳಿದ್ಮೇಲೆ ನಿನ್ ಕೈಲಿ ನಾನು ಊಟ ಮಾಡೋದ್ ಹೆಂಗೆ?"

ಹಾಗೆ ಅನ್ನುತ್ತಿರಲಿಲ್ಲ ಎಂದು ಹೇಳಲು ಪಂಕಜಾಕ್ಷಿ ಬಾಯಿ ತೆರೆದಳು. ಕಳೆದ ಮೂರು ವರ್ಷದಲ್ಲಿ ಬಂದವರ ಮುಂದೆ ತಾನು ಆಡಿದ ಮಾತುಗಳೆಲ್ಲ ಕಿವಿಗೆ ಬಂದವು. ಅನ್ನುತ್ತಿದ್ದಳೋ ಏನೋ. ಇಷ್ಟು ದಿನ ತಾನು ಗಂಡನನ್ನು ಅನುಮಾನಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅವನು ಒಂದು ವರ್ಷದಿಂದ ತನ್ನನ್ನು ಹೀಗೆ ಅನುಮಾನಿಸಿಕೊಂಡೇ ತಟ್ಟೆಯ ಮುಂದೆ ಕೂರುತ್ತಿದ್ದ.

"ಆಣೆ ಮುರೀಲಿಲ್ಲ" ಎಂದ ರುದ್ರಯ್ಯ. "ಗಾಡಿ ಅವ್ಳ ಮನೆ ಮುಂದೆ ನಿಲ್ಲುಸ್ತೀನಿ. ಗಾಡೀಲೇ ಮಲುಗ್ತೀನಿ, ಗಾಡೀಲೇ ಬೇಯಿಸ್ಕಂತೀನಿ. ಅವ್ಳ ಹೊಸಿಲು ತುಳಿಯಲ್ಲ. ಮಗೂನ ಅವ್ಳೇ ತಂದ್ರೆ ಹೊರಗೆ ನೀರು ಹುಯ್ಯೋದು, ಗಾಡೀಲಿ ತೊಟ್ಲಿಗೆ ಹಾಕೋದು. ಮೆಹಬೂಬ್ ಬೀ ಎಲ್ಲ ಹೇಳ್ಕೊಟ್ಟವ್ಳೆ."

"ಬಾಣಂತನ ನೀವು ಮಾಡ್ತೀರಾ?"

"ಮತ್ತಿನ್ಯಾರು ಮಾಡ್ತಾರೆ?"

ಪಂಕಜಾಕ್ಷಿ ಎದ್ದು ನಿಂತಳು. ರಸ್ತೆಗೆ ಹೋಗಿ, ಇನ್ನೂ ನಿಂತಿದ್ದ ನಾಲ್ಕು ಜನರ ಎದುರಿಗೇ ಗೋಣಿಯ ಮೇಲಿನ ಬಟ್ಟೆಗಳನ್ನು ಧೂಳು ಕೊಡವಿ ಮಡಿಸಿ ಪೆಟ್ಟಿಗೆಗೆ ತುಂಬಿದಳು. ಅಧಿಕಾರಿಯೂ ಪೊಲೀಸರೂ ಹೋಗಿಯಾಗಿತ್ತು. ದೇವೀರಪ್ಪ ಜೀಪು ಹತ್ತುತ್ತಿದ್ದ. ಅವನು ಏನೋ ಕೇಳಲು ಬಂದಂತೆ ಮಾಡಿದ.

"ಮಗಳ ಬಾಣಂತನಕ್ಕೆ ಹೊಂಟಿದೀವಿ" ಎಂದಳು ಪಂಕಜಾಕ್ಷಿ. ಮಗಳು ಎಂಬ ಮಾತನ್ನು ಅವಳು ಗಟ್ಟಿಯಾಗಿ ಆಡಿದ್ದು ಎಷ್ಟೋ ಕಾಲದ ಮೇಲೆ. ಆಮೇಲೆ ರಶೀದನ ಕಡೆ ತಿರುಗಿದಳು. "ನೀನೂ ಸೇರ್ಕಂಡಿದ್ಯಲ್ಲ ರಶೀದಣ್ಣ. ಆವತ್ತೇ ಬಾಯಿ ಬಿಟ್ಟಿದ್ರೆ ಇನ್ನೊಂದು ಮಂಚ ಆಗೋದು."

ರಶೀದ್ ಸೀಳಿದ ಹಲಗೆಗೆ ಪಟ್ಟಿ ಬಡಿಯುತ್ತಿದ್ದ. "ರೈಟ್ರು ಮಾತು ತಗಂಡಿದ್ರು ಅಮ್ಮಾರೇ. ಈಗ್ಲೂ ಮಾಡ್ಬೋದು. ಸಾಯಂಕಾಲದ ತನಕ ಕೊಡಿ. ಮಡಚೋ ಹಲಗೆ ಹಾಕ್ಬುಡ್ತೀನಿ."

ಮಾರನೆಯ ಬೆಳಗ್ಗೆ ಅವರು ಹೊರಟರು. ಬೇಲೂರು, ಚಿಕ್ಕಮಗಳೂರು, ಶಿವಮೊಗ್ಗ. ಗಾಡಿ ಏರಿನಲ್ಲಿ ಕಾದು ನಿಲ್ಲುತ್ತಿತ್ತು. ರುದ್ರಯ್ಯ ಇಳಿದು ನೀರು ಹುಯ್ಯುತ್ತಿದ್ದ. ಪಂಕಜಾಕ್ಷಿ ರಸ್ತೆಯ ಪಕ್ಕದಲ್ಲಿ ವಾಂತಿ ಮಾಡುತ್ತಿದ್ದಳು. "ಇನ್ನೇನಾರ ಮುಚ್ಚಿಟ್ಟಿದೀರಾ?" ಎಂದು ಅವಳು ಎರಡು ಸಲ ಕೇಳಿದಳು. "ಇಲ್ಲ" ಎಂದು ಅವನು ಎರಡು ಸಲವೂ ಹೇಳಿದ. ಅವಳು ಪೂರ್ತಿ ನಂಬಲಿಲ್ಲ.

ಅಣೆಕಟ್ಟಿನ ಕ್ಯಾಂಪಿನಲ್ಲಿ ಕೆಂಪು ಧೂಳು. ಸಾಲು ತಗಡಿನ ಮನೆಗಳ ತುದಿಯಲ್ಲಿ ಗಾಡಿ ನಿಂತಾಗ ದ್ರಾಕ್ಷಾಯಣಿ ಬಾಗಿಲಿಗೆ ಬಂದಳು. ಹೊಟ್ಟೆ ತುಂಬಿಕೊಂಡು ಮುಖ ಸಣ್ಣಗಾಗಿತ್ತು. ಅಪ್ಪ ಇಳಿದುದನ್ನು ಕಂಡು ಮುಖ ಅರಳಿತು. ಅವನ ಹಿಂದೆ ತಾಯಿ ಇಳಿದದ್ದೇ ತಡ, ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಸಂಜೆ ಗುಂಡಯ್ಯ ಕೆಲಸದಿಂದ ಬಂದ. ಗ್ರೀಸಿನ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ ದೂರ ನಿಂತು, ಅತ್ತೆಯ ಮುಖ ನೋಡದೆ ಹೇಳಿದ: "ಅವ್ವ ಯಾಕ್ ಬಂದವ್ಳೆ ಕೇಳು ಅಂತವ್ಳೆ. ಶಾಪ ಹಾಕಕ್ಕೆ ಬಂದಿದ್ರೆ ಹೆರಿಗೆ ಆದ್ಮೇಲೆ ಹಾಕ್ಲಿ ಅಂತವ್ಳೆ."

ಪಂಕಜಾಕ್ಷಿಗೆ ಸಿಟ್ಟು ಬರಲಿಲ್ಲ. ಬರುವಂತೆಯೂ ಇರಲಿಲ್ಲ. "ಅಡುಗೆ ಮಾಡಕ್ಕೆ ಬಂದಿವ್ನಿ ಅನ್ನಪ್ಪ" ಎಂದಳು.

ಸ್ಟೋವಿನ ಮೇಲೆ ಅವಳು ಬೇಯಿಸಿದಳು. ತಟ್ಟೆಯನ್ನು ರುದ್ರಯ್ಯ ಹೊಸಿಲಿನ ಹೊರಗಿನಿಂದ ಚಾಚುತ್ತಿದ್ದ. "ಯಾರ್ ಮಾಡಿದ್ದು?" ಎಂದು ಮಗಳು ಪ್ರತಿ ಬಾರಿಯೂ ಕೇಳುತ್ತಿದ್ದಳು. "ನಾನೇ ಕಣವ್ವ" ಎನ್ನುತ್ತಿದ್ದ. ಅವಳು ಒಂದು ತುತ್ತು ಬಾಯಿಗಿಟ್ಟು ಅಪ್ಪನನ್ನೇ ದಿಟ್ಟಿಸುತ್ತಿದ್ದಳು. ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕುವ ಆ ಕೈ ಯಾರದೆಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಆದರೂ ತಿನ್ನುತ್ತಿದ್ದಳು, ತಟ್ಟೆ ಖಾಲಿಯಾಗಿ ಬರುತ್ತಿತ್ತು.

ಒಂದು ಬೆಳಗ್ಗೆ ನೋವು ಬಂತು. ಕ್ಯಾಂಪಿನ ಸೂಲಗಿತ್ತಿಯನ್ನು ಕರೆಯಲು ಗುಂಡಯ್ಯ ಓಡಿದ. ಒಳಗಿನಿಂದ ಕೂಗು ಕೇಳಿದಾಗ ರುದ್ರಯ್ಯ ಎದ್ದವನು ಹೊಸಿಲಿನ ಹತ್ತಿರ ಹೋಗಿ ಮರದಂತೆ ನಿಂತುಬಿಟ್ಟ. ಪಂಕಜಾಕ್ಷಿ ಅವನನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳು. ಆಣೆ ಮಾಡಿಸಿದವಳು ಅವಳು; ಆಣೆಗೆ ಸಿಕ್ಕಿಬಿದ್ದವನು ಅವನು.

ದ್ರಾಕ್ಷಾಯಣಿ ಗೋಡೆಗೆ ಒರಗಿ ಬೆವರುತ್ತಿದ್ದಳು. ತಾಯಿಯನ್ನು ಕಂಡು, "ನೀನ್ ಬರ್ಬ್ಯಾಡ" ಎಂದಳು. ಅಷ್ಟರಲ್ಲಿ ಮತ್ತೊಂದು ನೋವು ಬಂತು. ಕೈಗೆ ಸಿಕ್ಕ ತಾಯಿಯ ತೋಳನ್ನು ಉಗುರು ಇಳಿಯುವಂತೆ ಹಿಡಿದಳು. ಸೂಲಗಿತ್ತಿ ಬರುವ ತನಕವೂ, ಬಂದ ಮೇಲೂ ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಂಡು ಮಗು ಹುಟ್ಟಿತು. "ಒಳಗ್ ಬನ್ನಿ, ಆಣೆ ನಾನೇ ಇಡಿಸಿದ್ದು, ನಾನೇ ತೆಗ್ದಿವ್ನಿ" ಎಂದು ಪಂಕಜಾಕ್ಷಿ ಕೂಗಿದಳು. ರುದ್ರಯ್ಯ, "ಲಿಂಗ ಮುಟ್ಟಿದ್ದು ನಾನಲ್ವಾ" ಎಂದು ಹೊರಗೇ ಕೂತ. ಕೊನೆಗೆ ಮಗುವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಅವಳೇ ತಂದು ಗಾಡಿಯ ಮೆಟ್ಟಿಲಲ್ಲಿ ಕೂತವನ ಮಡಿಲಿಗಿಟ್ಟಳು.

ಬಾಣಂತನ ಪಂಕಜಾಕ್ಷಿಯೇ ಮಾಡಿದಳು. ದ್ರಾಕ್ಷಾಯಣಿ ಬೇಡವೆನ್ನಲಿಲ್ಲ, ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಮಗು ಸ್ವಲ್ಪ ಕೆಮ್ಮಿದರೂ ತಾಯಿಯ ಕೈಯಿಂದ ಕಿತ್ತುಕೊಂಡು ಎದೆಗೆ ಕಿವಿ ಇಟ್ಟು ಕೇಳುತ್ತಿದ್ದಳು. ಪಂಕಜಾಕ್ಷಿ ಬಿಟ್ಟುಕೊಡುತ್ತಿದ್ದಳು.

ಬೇಸಿಗೆ ಬಲಿತ ಮೇಲೆ ಒಂದು ಮಧ್ಯಾಹ್ನ ದ್ರಾಕ್ಷಾಯಣಿ ಮಗುವನ್ನು ಅಪ್ಪನ ಹತ್ತಿರ ಬಿಟ್ಟು, "ಅವ್ವ, ಹೊಳೆ ಕಡೆ ಹೋಗಿ ಬರಾನ ಬಾ" ಎಂದಳು. ಇಬ್ಬರೂ ಕಾಲುದಾರಿ ಹಿಡಿದು ಇಳಿದರು. ಹೊಳೆಯ ಮೇಲಿನ ದಿಬ್ಬದಲ್ಲಿ, ಒಂದು ನೇರಳೆ ಮರದ ಬುಡದಲ್ಲಿ, ಜೋಡಿಸಿಟ್ಟ ನಾಲ್ಕು ಕಲ್ಲುಗಳಿದ್ದವು.

"ಇಲ್ಲೇ" ಎಂದಳು ದ್ರಾಕ್ಷಾಯಣಿ. "ಕಟ್ಟೆ ಮುಗುದ್ರೆ ಇಲ್ಲಿ ತನ್ಕ ನೀರು ಬತ್ತದಂತೆ. ಈ ಮರಾನೂ ಮುಳುಗ್ತದಂತೆ."

ಪಂಕಜಾಕ್ಷಿ ಕಲ್ಲುಗಳ ಪಕ್ಕದಲ್ಲಿ ಕೂತು ಬಿದ್ದಿದ್ದ ಎಲೆಗಳನ್ನು ಕೈಯಿಂದ ಸರಿಸಿದಳು. "ಯಾರಂಗಿತ್ತು?" ಎಂದು ಕೇಳಿದಳು.

ದ್ರಾಕ್ಷಾಯಣಿ ತಾಯಿಯ ಮುಖವನ್ನೇ ನೋಡಿದಳು. ಆ ಪ್ರಶ್ನೆಯ ಹಿಂದೆ ಇನ್ನೇನಾದರೂ ಇದೆಯೇ ಎಂದು ಹುಡುಕುವಂತೆ ನೋಡಿದಳು. ಆಮೇಲೆ ತಾನೂ ಕೂತಳು.

"ನಮ್ಮಪ್ಪನಂಗೆ" ಎಂದಳು. "ಕಿವಿ ಅಗಲ. ಹಾಲು ಕುಡಿಯೋವಾಗ ಒಂದ್ ಕೈ ಮುಷ್ಟಿ ಮಾಡ್ಕಳ್ಳದು. ಬಿಡಿಸಿದ್ರೂ ಬಿಡ್ತಿರ್ಲಿಲ್ಲ."

"ಆಮೇಲೆ?" ಎಂದಳು ಪಂಕಜಾಕ್ಷಿ.

ದ್ರಾಕ್ಷಾಯಣಿ ಹೇಳತೊಡಗಿದಳು.